ಹಸಿರು ಹಾಳೆ

ನನ್ನ ಕೆಲಸ ಪ್ರಶ್ನೆ ಕೇಳುವುದು. ಸ್ಕ್ಯಾನಿಗೆ ಮೊದಲು ಇಪ್ಪತ್ತು, ಸ್ಕ್ಯಾನ್ ಆದ ಮೇಲೆ ಇಪ್ಪತ್ತು. ಮೊದಲಿನವು ಬಿಳಿ ಹಾಳೆಯಲ್ಲಿ, ಆಮೇಲಿನವು ಹಸಿರು ಹಾಳೆಯಲ್ಲಿ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹೊಟ್ಟೆಯೊಳಗಿರುವ ಮಗುವಿನ ಹೃದಯ ನೋಡುವ ಕೋಣೆಯಿದೆ. ಐದು ತಿಂಗಳು ತುಂಬಿದವರು ಬರುತ್ತಾರೆ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಕೆಲವರ ಮನೆಯಲ್ಲಿ ಯಾರಿಗೋ ಹೃದಯದ ತೊಂದರೆ. ಕೆಲವರಿಗೆ ಮೊದಲ ಸ್ಕ್ಯಾನಿನಲ್ಲಿ ಏನೋ ಸರಿಯಾಗಿ ಕಂಡಿರುವುದಿಲ್ಲ. ಪರೀಕ್ಷೆಗೆ ಮುಂಚೆ ಇವರ ಆತಂಕ ಎಷ್ಟಿರುತ್ತದೆ, ಆಮೇಲೆ ಎಷ್ಟು ಇಳಿಯುತ್ತದೆ ಎಂದು ಅಳೆಯಲು ದೊಡ್ಡ ಡಾಕ್ಟರು ಒಂದು ಅಧ್ಯಯನ ಶುರುಮಾಡಿದ್ದರು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವರು ಬೇಕಾಗಿತ್ತು. ನಾನು ಹೋದೆ. ನನ್ನ ಗಂಡ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಮನೆಯಲ್ಲಿ ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದರು. ಅದು ಸಾಕಾಗಿತ್ತು.

ಮೊದಲ ವಾರ, ಹಾಳೆ ಹೇಗಿದೆ ನೋಡೋಣ ಎಂದು ನಾನೇ ತುಂಬಿದೆ. ಅತಿ ಕಡಿಮೆ ಆತಂಕಕ್ಕೆ ಇಪ್ಪತ್ತು, ಅತಿ ಹೆಚ್ಚಿಗೆ ಎಂಬತ್ತು. ನನಗೆ ಇಪ್ಪತ್ಮೂರು ಬಂತು. ದೊಡ್ಡ ಡಾಕ್ಟರು ನೋಡಿ, "ನಿಮ್ಮಷ್ಟು ಸಮಾಧಾನದವರು ಈ ಕಟ್ಟಡದಲ್ಲೇ ಇಲ್ಲ," ಎಂದರು. ಅಳತೆಯಲ್ಲಿ ತಪ್ಪಿರಲಿಲ್ಲ. ಅಳೆಯುವಂಥದ್ದು ಒಳಗೆ ಏನೂ ಇರಲಿಲ್ಲ.

ಹಸಿರು ಹಾಳೆಗೆ ಒಂದು ನಿಯಮವಿತ್ತು. ಮಗುವಿನ ಹೃದಯ ಸರಿಯಿದೆ ಎಂದು ಗೊತ್ತಾದ ತಾಯಂದಿರಿಗೆ ಮಾತ್ರ ಅದನ್ನು ಕೊಡಬೇಕು. ತೊಂದರೆ ಕಂಡವರು ದೊಡ್ಡ ಡಾಕ್ಟರ ಕೋಣೆಗೆ ಹೋಗುತ್ತಾರೆ. ಅಂಥ ಹೊತ್ತಿನಲ್ಲಿ ಪ್ರಶ್ನೆ ಹಿಡಿದುಕೊಂಡು ಅವರ ಹಿಂದೆ ಹೋಗುವುದು ಸರಿಯಲ್ಲ, ಅವರನ್ನು ಲೆಕ್ಕದಿಂದ ಬಿಡಬೇಕು ಎಂದು ಮೇಲಿನವರು ತೀರ್ಮಾನಿಸಿದ್ದರು.

ಯಾರ ಸ್ಕ್ಯಾನ್ ಏನಾಯಿತು ಎಂದು ನಾನು ಒಳಗೆ ಹೋಗಿ ಕೇಳುತ್ತಿರಲಿಲ್ಲ. ಫೈಲು ಎಲ್ಲಿದೆ ನೋಡಿದರೆ ತಿಳಿಯುತ್ತಿತ್ತು. ಸರಿಯಿದ್ದರೆ ಆಯಾ ಅದನ್ನು ತಂದು ನನ್ನ ಮೇಜಿನ ಟ್ರೇಯಲ್ಲಿ ಇಡುತ್ತಿದ್ದಳು. ತೊಂದರೆ ಇದ್ದರೆ ಸ್ಕ್ಯಾನ್ ಮೇಡಂ ತಾವೇ ದೊಡ್ಡ ಡಾಕ್ಟರ ಹತ್ತಿರ ಒಯ್ಯುತ್ತಿದ್ದರು. ಇನ್ನು ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಬೆನ್ನೆಲುಬಿನ ನೆರಳು ಹೃದಯದ ಮೇಲೆ ಬೀಳುತ್ತದೆ, ಚಿತ್ರ ಸಿಗುವುದಿಲ್ಲ. ತಾಯಿ ಸ್ವಲ್ಪ ಓಡಾಡಿ, ಏನಾದರೂ ತಿಂದು, ಮಗು ಹೊರಳಿದ ಮೇಲೆ ಮತ್ತೆ ಬರಬೇಕು. ಅಂಥ ಫೈಲುಗಳು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇರುತ್ತಿದ್ದವು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ನಾನು ಬರುವ ಮೊದಲಿನಿಂದಲೂ ಹಾಗೇ ನಡೆದುಕೊಂಡು ಬಂದಿತ್ತು.

ಸ್ಕ್ಯಾನ್ ಮೇಡಮ್ಮಿಗೆ ಹೊರಗೆ ಕೂತ ಹೆಂಗಸರು ಮೌನಮ್ಮ ಎಂದು ಹೆಸರಿಟ್ಟಿದ್ದರು. ಹಿಂದೆ ಒಮ್ಮೆ ಅವರು ಅರ್ಧದಲ್ಲೇ "ಎಲ್ಲ ಚೆನ್ನಾಗಿದೆ" ಎಂದು ಹೇಳಿ, ಕೊನೆಯ ಚಿತ್ರದಲ್ಲಿ ತೊಂದರೆ ಕಂಡಿದ್ದರಂತೆ. ಆವತ್ತಿನಿಂದ, ಎಲ್ಲ ಚಿತ್ರ ಮುಗಿಯುವ ತನಕ ತುಟಿ ಬಿಚ್ಚುವುದಿಲ್ಲ. ದಿನಕ್ಕೆ ಇಪ್ಪತ್ತೈದು ಸ್ಕ್ಯಾನು. ಸಂಜೆ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು.

ನಾನು ಹಾಳೆ ಹಿಡಿದು ಮೊಗಸಾಲೆಗೆ ಬಂದಾಗಲೆಲ್ಲ ಕೂತ ಹೆಂಗಸರು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಪ್ರಶ್ನೆಗಳ ಕಾಟಕ್ಕೆ ಬೇಸತ್ತಿದ್ದಾರೆ ಎಂದುಕೊಂಡಿದ್ದೆ.

ಕಂಡಕ್ಟರ್ ಬಂದದ್ದು ಒಂದು ಬುಧವಾರ, ಹನ್ನೊಂದರ ಹೊತ್ತಿಗೆ. ಮೂವತ್ತಾರು ವರ್ಷ, ಸಿಟಿ ಬಸ್ಸಿನಲ್ಲಿ ಹನ್ನೊಂದು ವರ್ಷದ ಸರ್ವೀಸು. ಗಂಡನೂ ಅದೇ ಡಿಪೋದಲ್ಲಿ ಡ್ರೈವರ್. ಓಡುವ ಬಸ್ಸಿನಲ್ಲಿ ನಿಂತವರ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದಳು. ಹಿಂದೆ ಅವಳ ಅತ್ತೆ, ಊದಿದ ಪಾದಗಳನ್ನು ಎಳೆದುಕೊಂಡು. ಬಾಗಿಲಲ್ಲಿ ಗುಂಪುಗೂಡಿದವರನ್ನು ನೋಡಿ ಕಂಡಕ್ಟರ್, "ಒಳಗಡೆ ಹೋಗ್ರೀ, ಮುಂದೆ ಖಾಲಿ ಇದೆ, ಬಾಗಿಲಲ್ಲಿ ನಿಲ್ಬೇಡಿ," ಎಂದಳು. ನಾಲ್ಕು ಜನ ನಕ್ಕರು. ನಿಜವಾಗಿಯೂ ಇಬ್ಬರು ಸರಿದರು.

ಕುರ್ಚಿಗಳೆಲ್ಲ ತುಂಬಿದ್ದವು. ಅತ್ತೆ ಗೋಡೆಗೆ ಒರಗಿ ನಿಂತರು. ನಾನು ಸ್ಕ್ಯಾನ್ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಅವರಿಗೆ ಕೊಟ್ಟೆ.

"ಒಳ್ಳೇದಾಗ್ಲಿ ಮಗಳೇ," ಎಂದು ಕೂತರು. "ಮನೆಯವ್ರು ಏನ್ ಮಾಡ್ತಾರೆ?"

"ಇಲ್ಲಮ್ಮಾ, ತೀರಿಕೊಂಡ್ರು."

ಅವರು ಮೆಲ್ಲಗೆ ಮಾತಾಡಲಿಲ್ಲ. "ಯಾವಾಗ?" ಎಂದರು.

"ಒಂಬತ್ತು ತಿಂಗಳಾಯ್ತು."

"ನಂದು ಇಪ್ಪತ್ತೆರಡು ವರ್ಷ," ಎಂದರು. ಯಾವ ರೂಟಿನ ಬಸ್ಸು ಎಂದು ಹೇಳಿದ ಹಾಗೆ.

ನಾನು ಬಿಳಿ ಹಾಳೆ ತೆಗೆದೆ. ಕಂಡಕ್ಟರ್ ಎದುರಿಗೆ ನಿಂತೇ ಇದ್ದಳು, ಕೂತು ಅಭ್ಯಾಸವಿಲ್ಲವಂತೆ.

"ನನ್ನ ಮನಸ್ಸು ಈಗ ಶಾಂತವಾಗಿದೆ. ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಯಾವುದು ಬರೀಲಿ?"

"ಫುಲ್ಲಾ ಹಾಫಾ ಅಂತ ಕೇಳ್ದ ಹಾಗಿದೆ. ಹಾಫ್ ಹಾಕಿ."

"ಹಾಫ್ ಇಲ್ಲ ಇದ್ರಲ್ಲಿ."

"ಹಾಗಾದ್ರೆ ಸ್ವಲ್ಪ."

"ಸ್ವಲ್ಪಾನಾ?" ಎಂದರು ಅತ್ತೆ. "ನಾಲ್ಕು ದಿನದಿಂದ ಹೊರಳಾಡಿ ಹೊರಳಾಡಿ ಮಂಚದ ಕಾಲು ಸಡಿಲ ಮಾಡಿದ್ದಾಳೆ. ಇಲ್ಲವೇ ಇಲ್ಲ ಅಂತ ಬರ್ಕೋಮ್ಮಾ."

"ಅತ್ತೆ, ಪರೀಕ್ಷೆ ನಂದು. ಕಾಪಿ ಹೇಳ್ಕೊಡಬೇಡಿ."

"ನಿನ್ನ ಪರೀಕ್ಷೆ ನಾನು ಬರ್ದಿದ್ರೆ ಇಷ್ಟೊತ್ತಿಗೆ ನೀನು ಮ್ಯಾನೇಜರ್ ಆಗಿರ್ತಿದ್ದೆ."

ಹತ್ತು ಪ್ರಶ್ನೆ ಹೀಗೇ ಸಾಗಿತು. ಹನ್ನೊಂದನೆಯದು: ಏನೋ ಕೆಟ್ಟದ್ದು ಆಗಬಹುದು ಎಂದು ನನಗೆ ಅನಿಸುತ್ತಿದೆ. ಅತ್ತೆ ತಮ್ಮ ಪಾದ ನೋಡಿಕೊಂಡರು.

"ಮೂರು ವರ್ಷದ ಹಿಂದೆ ಒಂದು ಮಗು ಆಯ್ತು ಮೇಡಂ," ಎಂದಳು ಕಂಡಕ್ಟರ್. "ಗಂಡು. ಹಾರ್ಟು ಎಡಗಡೆ ಅರ್ಧ ಬೆಳ್ದೇ ಇರ್ಲಿಲ್ವಂತೆ. ಒಂಬತ್ತು ದಿನ ಇತ್ತು. ಆಗಬಹುದು ಅಂತ ಅಲ್ಲ, ಆಗಿದೆ. ಅದಕ್ಕೆ ಕಾಲಮ್ ಇದ್ಯಾ?"

ಇರಲಿಲ್ಲ. ನಾನು "ತುಂಬಾ" ಎಂಬುದರ ಕೆಳಗೆ ಗುರುತು ಹಾಕಿದೆ. ಒಟ್ಟು ಅರವತ್ತೊಂದು ಬಂತು.

ಹನ್ನೊಂದೂವರೆಗೆ ಅವಳನ್ನು ಒಳಗೆ ಕರೆದರು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಅತ್ತೆ ನನ್ನ ಮೇಜಿನ ಗಡಿಯಾರವನ್ನೇ ನೋಡುತ್ತಿದ್ದರು. ಇಪ್ಪತ್ತೈದು ನಿಮಿಷ ಆದ ಮೇಲೆ ಅವಳು ಹೊಟ್ಟೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನಂದ್ರು?"

"ಏನಂತಾರೆ? ಹೊರಗೆ ಕೂತಿರಿ ಅಂದ್ರು. ಇಷ್ಟೊತ್ತು ಅದೊಂದೇ ಮಾತು ಆಡಿದ್ದು ಮಹಾತಾಯಿ."

ಸ್ವಲ್ಪ ಹೊತ್ತಿಗೆ ನಾನು ಟ್ರೇ ನೋಡಿದೆ. ಅವಳ ಫೈಲು ಅಲ್ಲಿತ್ತು. ಹಸಿರು ಹಾಳೆ ತೆಗೆದುಕೊಂಡು ಎದ್ದೆ.

ನಾನು ಇನ್ನೂ ನಾಲ್ಕು ಹೆಜ್ಜೆ ದೂರ ಇರುವಾಗಲೇ ಅವಳ ಮುಖ ಬದಲಾಯಿತು. ಪಕ್ಕದಲ್ಲಿ ಕೂತ ಇಬ್ಬರು ಹೆಂಗಸರು "ಬಂತು, ಬಂತು," ಎಂದರು. ಕಂಡಕ್ಟರ್ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಅತ್ತೆಯ ಮಡಿಲಲ್ಲಿ ಇಟ್ಟಳು.

"ನೋಡಿ ಅತ್ತೆ. ಹಸಿರು."

ಅತ್ತೆ ಹಾಳೆಯನ್ನು ಅಂಗೈಯಿಂದ ಸವರಿದರು. ಓದು ಬಾರದವರು. ಬಣ್ಣ ಸಾಕಾಗಿತ್ತು.

"ಏನು ಹಸಿರು?" ಎಂದೆ.

"ನಮ್ಗೇನು ಗೊತ್ತಿಲ್ಲ ಅಂದ್ಕೊಂಡ್ರಾ?" ಪಕ್ಕದ ಹೆಂಗಸು ನಕ್ಕಳು. "ಹಸಿರು ಕೊಟ್ರೆ ಮಗು ಪಾಸು. ಕೊಡದೆ ಇದ್ರೆ ದೊಡ್ಡ ಡಾಕ್ಟರ್ ಕೋಣೆ. ಮೌನಮ್ಮ ಬಾಯಿ ಬಿಡದಿದ್ರೆ ಏನಾಯ್ತು, ನೀವಿದ್ದೀರಲ್ಲ."

ನಾಲ್ಕು ತಿಂಗಳು ನಾನು ಆ ಮೊಗಸಾಲೆಯಲ್ಲಿ ತೀರ್ಪು ಹಿಡಿದುಕೊಂಡು ಓಡಾಡಿದ್ದೆ. ಗೊತ್ತಿರಲಿಲ್ಲ.

ಕಂಡಕ್ಟರ್ ಹಾಳೆ ಆಮೇಲೆ ತುಂಬುತ್ತೇನೆ ಎಂದಳು. ಆಗಲೇ ಫೋನು ಕಿವಿಗೆ ಹಿಡಿದಿದ್ದಳು. "ಹಲೋ, ರೀ, ಹಸಿರು ಬಂತು. ಹೂಂ. ಹೂಂ. ಗಾಡಿ ಓಡಿಸ್ತಾ ಮಾತಾಡ್ಬೇಡಿ, ಇಡಿ." ಅತ್ತೆ ಸೊಸೆ ಇಬ್ಬರೂ ಊಟದ ಡಬ್ಬಿ ಹಿಡಿದು ಕೆಳಗೆ ಹೋದರು. ಪ್ಲಾಸ್ಟಿಕ್ ಕುರ್ಚಿ ಮೊಗಸಾಲೆಯ ನಡುವೆ ಖಾಲಿಯಾಗಿ ನಿಂತಿತ್ತು. ಅದನ್ನು ಎತ್ತಿ ಬಾಗಿಲ ಪಕ್ಕದಲ್ಲಿ ಇಡುವಾಗ ನನಗೆ ಹೊಳೆಯಿತು.

ಒಳಗೆ ಹೋದೆ. ಸ್ಕ್ಯಾನ್ ಮೇಡಂ ಎರಡು ಸ್ಕ್ಯಾನಿನ ನಡುವೆ ನೀರು ಕುಡಿಯುತ್ತಿದ್ದರು.

"ಕಂಡಕ್ಟರ್ ಫೈಲು ಎಲ್ಲಿ?" ಎಂದರು ಅವರೇ. "ಮಗು ಬೆನ್ನು ಮೇಲೆ ಮಾಡಿ ಮಲಗಿದೆ. ಅರ್ಧ ಚಿತ್ರ ಸಿಕ್ಕಿಲ್ಲ. ಸಿಕ್ಕಿದ್ರಲ್ಲಿ ಒಂದು ಕಡೆ ನನಗೆ ಅನುಮಾನ. ಎರಡು ಗಂಟೆಗೆ ದೊಡ್ಡ ಡಾಕ್ಟರ್ ಬರ್ತಾರೆ, ಒಟ್ಟಿಗೆ ನೋಡೋಣ ಅಂತ."

"ಅವರಿಗೆ ಹೇಳಿದ್ರಾ?"

"ಕೂತಿರಿ ಅಂದೆ. ಓಡಾಡ್ಬೇಕು ಅಂತ ಆಯಾ ಹೇಳಿರ್ತಾಳೆ."

ಆಯಾ ಹೇಳಿರಲಿಲ್ಲ. ಫೈಲು ಇಡಲು ಕುರ್ಚಿ ಕಾಣದೆ, ಟ್ರೇಯಲ್ಲಿ ಇಟ್ಟು, ಕೆಳಗಿನ ಲ್ಯಾಬಿಗೆ ಓಡಿದ್ದಳು. ಕುರ್ಚಿ ತೆಗೆದದ್ದು ನಾನು. ಹಸಿರು ಹಾಳೆ ಕೊಟ್ಟದ್ದೂ ನಾನು. ಎರಡನ್ನೂ ಹೇಳಿದೆ. ಹಸಿರು ಎಂದರೆ ಹೊರಗಿನವರಿಗೆ ಏನೆಂದೂ ಹೇಳಿದೆ.

ಸ್ಕ್ಯಾನ್ ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈಯಲಿಲ್ಲ.

"ಈಗ ಏನೂ ಹೇಳ್ಬೇಡಿ," ಎಂದರು. "ಎರಡು ಗಂಟೆಗೆ ಹೇಗೂ ಗೊತ್ತಾಗುತ್ತೆ. ಅಲ್ಲಿವರೆಗೆ ನೆಮ್ಮದಿಯಾಗಿ ಇರ್ಲಿ ಪಾಪ. ಇನ್ನೊಂದೆರಡು ಚಿತ್ರ ಬೇಕು, ಓಡಾಡ್ಕೊಂಡು ಬನ್ನಿ ಅನ್ನಿ. ಸಾಕು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನನಗೂ ಹೀಗೇ ಮೂರು ಗಂಟೆಯ ನೆಮ್ಮದಿ ಯಾರೋ ಕೊಟ್ಟಿದ್ದರು. ಆಫೀಸಿಗೆ ಫೋನು ಬಂದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಸಣ್ಣ ಅಪಘಾತ, ಕಾಲು ಮುರಿದಿದೆ, ಗಾಬರಿಯಾಗಬೇಡಿ, ನಿಧಾನವಾಗಿ ಬನ್ನಿ ಎಂದರು ನನ್ನ ಗಂಡನ ಸ್ನೇಹಿತರು. ನಾನು ಎಲ್ಲರಿಗೂ ಫೋನು ಮಾಡಿದೆ. ಅವನ ಅಮ್ಮನಿಗೆ, ನನ್ನ ಅಕ್ಕನಿಗೆ, ಮನೆಯ ಮಾಲೀಕರಿಗೆ. ಕಾಲು ಅಷ್ಟೇ, ಒಂದು ತಿಂಗಳು ಮನೆಯಲ್ಲಿ ಬಿದ್ದಿರಲಿ, ಒಳ್ಳೇದೇ ಆಯಿತು ಎಂದು ನಕ್ಕೆ. ಮೂರು ಗಂಟೆಯ ಹೊತ್ತು ನಾನು ಕಾಲು ಮುರಿದವನ ಹೆಂಡತಿಯಾಗಿದ್ದೆ. ಅವನು ಹನ್ನೊಂದೂವರೆಗೇ ಹೋಗಿದ್ದ. ಆಮೇಲೆ ಎಲ್ಲರೂ ಅಳುವಾಗ ನನಗೆ ಇದೊಂದೇ ತಲೆಯಲ್ಲಿ ಇತ್ತು: ನಾನು ನಕ್ಕದ್ದು ಎಷ್ಟು ಜನಕ್ಕೆ ಕೇಳಿಸಿದೆ. ಆ ಮೂರು ಗಂಟೆ ಕೊಟ್ಟದ್ದು ಉಪಕಾರವೋ, ಮೋಸವೋ, ಇನ್ನೂ ನನಗೆ ತೀರ್ಮಾನವಾಗಿಲ್ಲ.

ಕೆಳಗೆ ಹೋದೆ. ಅವರು ಆಂಬುಲೆನ್ಸ್ ನಿಲ್ಲುವ ಕಡೆ ಸಿಮೆಂಟು ಬೆಂಚಿನ ಮೇಲೆ ಕೂತಿದ್ದರು. ನಡುವೆ ಡಬ್ಬಿ ತೆರೆದಿತ್ತು. ಕಂಡಕ್ಟರ್ ಫೋನಿನಲ್ಲಿದ್ದಳು. ತನ್ನ ತಂಗಿಗೆ ಹೇಳುತ್ತಿದ್ದಳು, "ಹೂಂ ಕಣೇ, ಎಲ್ಲಾ ಚೆನ್ನಾಗಿದೆಯಂತೆ. ಇಲ್ಲ, ಅಳ್ತಿಲ್ಲ, ಈರುಳ್ಳಿ ಖಾರ." ಅದಾದ ಮೇಲೆ ಡಿಪೋದ ಗೆಳತಿ. ಅದಾದ ಮೇಲೆ ಚಿಕ್ಕಮ್ಮ. ನಾನು ಕಂಬದ ಪಕ್ಕ ನಿಂತೆ. ಸ್ಕ್ಯಾನ್ ಮೇಡಂ ಹೇಳಿದ ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು. ಸುಳ್ಳೂ ಅಲ್ಲ ಅದು. ಪ್ರತಿ ಸಲ ಫೋನು ಕೆಳಗಿಟ್ಟಾಗ ಹೇಳೋಣ ಎಂದುಕೊಂಡೆ. ಪ್ರತಿ ಸಲ ಅವಳು ಇನ್ನೊಂದು ನಂಬರು ಒತ್ತಿದಳು. ಗಂಡನನ್ನು ಬಿಟ್ಟು ಏಳನೆಯ ಕರೆ ಮುಗಿಸಿ ಅವಳು, "ಇನ್ನೂ ಯಾರಿಗೆ ಹೇಳಿಲ್ಲ ಅತ್ತೆ?" ಎಂದು ಕೇಳಿದಳು. ನಾನು ಹೋಗಿ ಎದುರಿಗೆ ನಿಂತೆ.

"ಬನ್ನಿ ಮೇಡಂ, ಊಟ ಮಾಡಿ. ಹಾಳೆ ತುಂಬ್ಬೇಕಾ?"

"ಆ ಹಾಳೆ ನಾನು ತಪ್ಪಿ ಕೊಟ್ಟೆ," ಎಂದೆ. "ನಿಮ್ಮ ಸ್ಕ್ಯಾನ್ ಮುಗಿದಿಲ್ಲ. ಮಗು ಬೆನ್ನು ಮೇಲೆ ಮಾಡಿ ಮಲಗಿದೆ, ಎಲ್ಲ ಕಾಣ್ಸಿಲ್ಲ. ಕಂಡಿದ್ರಲ್ಲೂ ಒಂದು ಕಡೆ ಅವರಿಗೆ ಅನುಮಾನ ಇದೆ. ಏನು ಅಂತ ನನಗೆ ಗೊತ್ತಿಲ್ಲ. ಎರಡು ಗಂಟೆಗೆ ದೊಡ್ಡ ಡಾಕ್ಟರ್ ನೋಡ್ತಾರೆ."

ಕಂಡಕ್ಟರ್ ಡಬ್ಬಿಯ ಮುಚ್ಚಳ ಹುಡುಕಿ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಹಾಕಿದಳು.

"ಹಸಿರು ಅಂದ್ರೆ ಸರಿ ಇದೆ ಅಂತಲ್ವಾ?"

"ಸರಿ ಇದ್ದವರಿಗೆ ಕೊಡೋದು. ನಿಮಗೆ ಕೊಡಬಾರದಿತ್ತು. ಫೈಲು ಇಡೋ ಕುರ್ಚಿ ನಾನೇ ತೆಗೆದಿದ್ದೆ. ಹಾಗಾಗಿ ತಪ್ಪು ಜಾಗದಲ್ಲಿ ಇಟ್ಟುಬಿಟ್ಟರು."

"ನನಗೆ ತಂದ ಕುರ್ಚಿಯಾ?" ಎಂದರು ಅತ್ತೆ.

ಅತ್ತೆ ಸೊಸೆಯ ಮುಖ ನೋಡಿದರು, ಆಮೇಲೆ ನನ್ನದು.

"ನಾನು ನಿಂತೇ ಇರ್ತಿದ್ದೆ," ಎಂದರು.

"ಎಂಟು ಜನಕ್ಕೆ ಹೇಳ್ಬಿಟ್ಟೆ," ಎಂದಳು ಕಂಡಕ್ಟರ್. ದನಿ ಏರಲಿಲ್ಲ. "ನಮ್ಮವ್ರು ಡಿಪೋ ಪೂರ್ತಿ ಸಾರಿರ್ತಾರೆ. ತಪ್ಪು ಟಿಕೆಟ್ ಹರಿದ್ರೆ ನಮಗೆ ಮೆಮೊ ಕೊಡ್ತಾರೆ ಮೇಡಂ. ನಿಮಗೆ ಏನ್ ಕೊಡ್ತಾರೆ?"

"ಏನೂ ಕೊಡಲ್ಲ."

"ಅದೇ ಮತ್ತೆ."

ಒಂದು ಆಂಬುಲೆನ್ಸ್ ರಿವರ್ಸಿನಲ್ಲಿ ಬಂದು ನಿಂತಿತು. ಅದು ಬರುವುದನ್ನು ಕಂಡಕ್ಟರ್ ಅಭ್ಯಾಸಬಲದಿಂದ ನೋಡಿದಳು, ದಾರಿ ತೋರಿಸಲು ಕೈ ಅರ್ಧ ಎತ್ತಿದಳು, ಇಳಿಸಿದಳು.

"ಯಾಕೆ ಹೇಳಿದ್ರಿ?" ಎಂದಳು. "ಎರಡು ಗಂಟೆಗೆ ಅವ್ರೇ ಹೇಳ್ತಿದ್ರಲ್ಲ."

"ಅಷ್ಟರಲ್ಲಿ ಇನ್ನೂ ಹತ್ತು ಜನಕ್ಕೆ ಹೇಳ್ತಿದ್ರಿ."

ಅವಳು ನನ್ನನ್ನು ನೋಡಿದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

"ಮಗು ಹೊರಳ್ಬೇಕು ಅಂದ್ರೆ ಏನ್ ಮಾಡ್ಬೇಕು?"

"ನಡೀಬೇಕು."

"ಅದೊಂದು ಬರುತ್ತೆ ನನಗೆ," ಎಂದು ಎದ್ದಳು.

ಆಸ್ಪತ್ರೆಯ ಸುತ್ತ ನಡೆದೆವು. ಅತ್ತೆ ಬೆಂಚಿನ ಮೇಲೇ ಉಳಿದರು. ಬಟ್ಟೆ ಒಗೆಯುವ ಕಟ್ಟಡ, ಆಮ್ಲಜನಕದ ಸಿಲಿಂಡರುಗಳ ಶೆಡ್ಡು, ಸೈಕಲ್ ಸ್ಟ್ಯಾಂಡು, ಮತ್ತೆ ಆಂಬುಲೆನ್ಸು. ಒಂದು ಸುತ್ತಿಗೆ ಏಳು ನಿಮಿಷ. ಅವಳು ಬೇಗ ಬೇಗ ನಡೆಯುತ್ತಿದ್ದಳು, ನಾನೇ ಹಿಂದೆ ಬೀಳುತ್ತಿದ್ದೆ. ಮೂರನೆಯ ಸುತ್ತಿನಲ್ಲಿ ಮೊದಲ ಮಗುವಿನ ಬಗ್ಗೆ ಹೇಳಿದಳು. ಒಂಬತ್ತು ದಿನವೂ ಅದರ ಉಗುರು ನೀಲಿಯಾಗಿತ್ತು. ಅದರ ಬಣ್ಣವೇ ಹಾಗೆ ಎಂದುಕೊಂಡಿದ್ದಳಂತೆ, ಅವಳ ಮನೆಯಲ್ಲಿ ಎಲ್ಲರೂ ಕಪ್ಪು. "ಎಡಗಡೆ ಇದ್ರೆ ಸಾಕು ಮೇಡಂ," ಎಂದಳು. "ಬೇರೆ ಏನಿದ್ರೂ ಹೊತ್ಕೋತೀನಿ. ಎಡಗಡೆ ಇರ್ಲಿ." ನಾಲ್ಕನೆಯ ಸುತ್ತಿನಲ್ಲಿ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟು, "ಹೊರಳ್ತು," ಎಂದಳು. ಆದರೂ ಇನ್ನೊಂದು ಸುತ್ತು ಹಾಕಿದೆವು. ಎರಡಾಗಲು ಇನ್ನೂ ಹೊತ್ತಿತ್ತು.

ಎರಡಕ್ಕೆ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ದೊಡ್ಡ ಡಾಕ್ಟರು, "ಇವರು ಯಾಕೆ?" ಎಂದರು.

"ಇದು ಇವರ ಮೆಮೊ ಸರ್. ಇರ್ಲಿ."

ದೊಡ್ಡ ಡಾಕ್ಟರಿಗೆ ಅರ್ಥವಾಗಲಿಲ್ಲ. ಸ್ಕ್ಯಾನ್ ಮೇಡಂ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಕೋಣೆಯಲ್ಲಿ ಬೆಳಕು ಕಡಿಮೆ. ಅವಳ ಹೊಟ್ಟೆಯ ಮೇಲೆ ಜೆಲ್ ಹಚ್ಚಿದರು. ತೆರೆಯ ಮೇಲೆ ಬೂದಿ ಬಣ್ಣದ ಏನೇನೋ ಅಲುಗಾಡಿ, ನಡುವೆ ಒಂದು ಚಿಕ್ಕದು ಬಡಿದುಕೊಳ್ಳುವುದು ಕಾಣಿಸಿತು. ಸ್ಕ್ಯಾನ್ ಮೇಡಂ ತುಟಿ ಬಿಗಿದುಕೊಂಡರು.

"ಮೇಡಂ, ಒಂದು ಕೇಳ್ಕೋತೀನಿ," ಎಂದಳು ಕಂಡಕ್ಟರ್. "ಸುಮ್ನಿರ್ಬೇಡಿ. ಕಾಣ್ಸಿದ್ದು ಕಾಣ್ಸಿದ ಹಾಗೆ ಹೇಳ್ತಾ ಹೋಗಿ. ನಾವು ಸ್ಟಾಪ್ ಹೆಸ್ರು ಕೂಗ್ತೀವಲ್ಲ, ಹಾಗೆ. ಒಳ್ಳೇದು ಕೆಟ್ಟದ್ದು ಏನೂ ಹೇಳ್ಬೇಡಿ. ಎಲ್ಲಿದ್ದೀವಿ ಅಂತ ಅಷ್ಟೇ."

ಸ್ಕ್ಯಾನ್ ಮೇಡಂ ದೊಡ್ಡ ಡಾಕ್ಟರ ಕಡೆ ನೋಡಿದರು. ಅವರು ಭುಜ ಕುಣಿಸಿದರು. ಸ್ಕ್ಯಾನ್ ಮೇಡಂ ಕೈ ಸರಿಸುತ್ತ, "ಇದು ಹೊಟ್ಟೆ," ಎಂದರು. "ಜಠರ ಎಡಗಡೆ ಇದೆ. ಇದು ಎದೆ. ಇದು ಹೃದಯ. ಬಲಗಡೆ ಮೇಲಿನ ಕೋಣೆ. ಬಲಗಡೆ ಕೆಳಗಿನ ಕೋಣೆ. ಎಡಗಡೆ ಮೇಲಿನ ಕೋಣೆ." ನಿಂತರು. ಕೈ ಸ್ವಲ್ಪ ಓರೆ ಮಾಡಿದರು. "ಇದು ಎಡಗಡೆ ಕೆಳಗಿನ ಕೋಣೆ."

"ಇದ್ಯಾ?"

"ಇದೆ."

"ಬೆಳ್ದಿದ್ಯಾ?"

"ಬೆಳ್ದಿದೆ. ಬಲಗಡೆಯಷ್ಟೇ ಇದೆ."

ಅವಳ ಬೆರಳುಗಳು ನನ್ನ ಮಣಿಕಟ್ಟಿಗೆ ಇಳಿದವು. ನೋವಾಯಿತು. ನೋಯುತ್ತಿದೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮುಂದೆ ಹೇಳಿ," ಎಂದಳು.

"ಎರಡು ಕೋಣೆ ನಡುವಿನ ಗೋಡೆ," ಎಂದರು ಸ್ಕ್ಯಾನ್ ಮೇಡಂ. ಆಮೇಲೆ ಮಾತು ನಿಂತಿತು. ದೊಡ್ಡ ಡಾಕ್ಟರು ಮುಂದೆ ಬಾಗಿದರು. ರಕ್ತದ ಹರಿವು ಕಾಣಲು ತೆರೆಯ ಮೇಲೆ ಬಣ್ಣ ಹಾಕಿದರು. ಗೋಡೆಯ ಒಂದು ಕಡೆ, ಒಂದು ಎಳೆಯಷ್ಟು ನೀಲಿ, ಇತ್ತಲಿಂದ ಅತ್ತ ಹೋಗುತ್ತಿತ್ತು. ನನಗೂ ಕಾಣಿಸಿತು.

"ಇಲ್ಲಿ ಒಂದು ತೂತಿದೆ," ಎಂದರು ದೊಡ್ಡ ಡಾಕ್ಟರು. "ಚಿಕ್ಕದು. ನಿಮ್ಮ ಮೊದಲ ಮಗುವಿಗೆ ಇದ್ದದ್ದು ಇದಲ್ಲ. ಅದಕ್ಕೂ ಇದಕ್ಕೂ ಹೋಲಿಕೆ ಮಾಡ್ಬೇಡಿ. ಇಂಥದ್ದು ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತೆ. ಕೆಲವು ಸಲ ಮುಚ್ಚಿಕೊಳ್ಳಲ್ಲ, ಹುಟ್ಟಿದ ಮೇಲೆ ನೋಡ್ಕೋಬೇಕಾಗುತ್ತೆ. ನಾಲ್ಕು ವಾರ ಬಿಟ್ಟು ಬನ್ನಿ, ಮತ್ತೆ ನೋಡೋಣ."

"ಯಾವುದಾಗುತ್ತೆ?"

"ಈಗಲೇ ಹೇಳಕ್ಕಾಗಲ್ಲ."

ಸ್ಕ್ಯಾನ್ ಮೇಡಂ ಉಳಿದ ಚಿತ್ರಗಳನ್ನೂ ತೆಗೆದರು, ಒಂದೊಂದನ್ನೂ ಹೆಸರು ಹಿಡಿದು ಹೇಳಿದರು. ರಕ್ತನಾಳ, ಅದರ ಬಾಗು, ಬೆನ್ನೆಲುಬು. ಕೊನೆಗೆ ಕೇಳದೆ ಇದ್ದರೂ, "ಇದು ಕೈ," ಎಂದರು. ಐದು ಬೆರಳು ಮಡಚಿಕೊಂಡು ಬಿಚ್ಚಿದವು.

ಅವಳು ಜೆಲ್ ಒರೆಸಿಕೊಳ್ಳುವಾಗ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಈ ಕೇಸನ್ನು ಅಧ್ಯಯನದಿಂದ ಬಿಟ್ಟುಬಿಡಿ," ಎಂದರು.

"ಬಿಡ್ತೀನಿ ಸರ್. ಇವರ ಜೊತೆ ಮೂವತ್ತೊಂದು ಜನ ಆದ್ರು."

"ಏನು ಮೂವತ್ತೊಂದು?"

"ಬಿಟ್ಟವರು. ಅವರನ್ನ ಬಿಟ್ರೆ ಆತಂಕ ಚೆನ್ನಾಗಿ ಇಳಿದಿದೆ ಅಂತ ಬರುತ್ತೆ."

ಅವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಇದರ ಬಗ್ಗೆ ಮಾತಾಡೋಣ," ಎಂದರು. ಯಾವಾಗ ಎಂದು ಹೇಳಲಿಲ್ಲ.

ಮೊಗಸಾಲೆಯಲ್ಲಿ ಅತ್ತೆ ನಿಂತಿದ್ದರು. ಬೇರೆ ಕುರ್ಚಿಗಳು ಖಾಲಿಯಿದ್ದವು. ಸೊಸೆ ಹೋಗಿ ಅವರ ಪಕ್ಕ ಗೋಡೆಗೆ ಒರಗಿದಳು. ಅತ್ತೆ ನನ್ನನ್ನು ಕೇಳಿದರು.

"ಎಡಗಡೆ ಇದೆ ಅಮ್ಮಾ, ಪೂರ್ತಿ ಬೆಳೆದಿದೆ," ಎಂದೆ. "ನಡುವಿನ ಗೋಡೆಯಲ್ಲಿ ಚಿಕ್ಕ ತೂತು ಇದೆ."

"ಮುಚ್ಕೊಳುತ್ತಾ?"

"ಗೊತ್ತಿಲ್ಲ."

"ಡಾಕ್ಟ್ರಿಗೆ?"

"ಅವ್ರಿಗೂ ಗೊತ್ತಿಲ್ಲ. ನಾಲ್ಕು ವಾರ ಬಿಟ್ಟು ಬರಬೇಕು."

"ಸರಿ," ಎಂದರು. "ಹೋದ ಸಲ ಎಲ್ಲಾ ಗೊತ್ತು ಅಂದೋರೇ ಸಿಕ್ಕಿದ್ರು." ಆಮೇಲೆ ನಿಧಾನವಾಗಿ ಕೂತರು.

ಕಂಡಕ್ಟರ್ ಫೋನು ತೆಗೆದಳು. ಮಧ್ಯಾಹ್ನ ತಾನು ಕರೆ ಮಾಡಿದವರ ಹೆಸರುಗಳು ತೆರೆಯ ಮೇಲೆ ಸಾಲಾಗಿ ಇದ್ದವು. ಒಬ್ಬೊಬ್ಬರಿಗೇ ಕರೆ ಮಾಡತೊಡಗಿದಳು. ಮೊದಲಿಗೆ ಚಿಕ್ಕಮ್ಮ. ಹತ್ತು ನಿಮಿಷ ಹಿಡಿಯಿತು. ತಂಗಿಗೆ ಏಳು. ಡಿಪೋದ ಗೆಳತಿಗೆ ಬರುವ ಹೊತ್ತಿಗೆ ಮಾತು ಸವೆದಿತ್ತು. "ಇಲ್ಲ, ಪೂರ್ತಿ ಹಸಿರಲ್ಲ. ಚಿಕ್ಕದೊಂದು ತೂತಿದೆ. ಮುಚ್ಚಿದ್ರೂ ಮುಚ್ಬಹುದು. ಹೂಂ. ಇಡ್ತೀನಿ." ನಾನು ಪಕ್ಕದಲ್ಲಿ ಕೂತಿದ್ದೆ. ಕೂರು ಎಂದು ಅವಳು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನನ್ನ ಮೇಜಿನ ಮೇಲೆ ಮಧ್ಯಾಹ್ನದ ಬಿಳಿ ಹಾಳೆಗಳು ಹಾಗೇ ಬಿದ್ದಿದ್ದವು. ಆವತ್ತು ಉಳಿದವರನ್ನು ನಾನು ಪ್ರಶ್ನೆ ಕೇಳಲಿಲ್ಲ.

ಏಳು ಕರೆ ಮುಗಿಯುವಾಗ ನಾಲ್ಕು ಗಂಟೆ ದಾಟಿತ್ತು. ಎಂಟನೆಯ ಹೆಸರು ಗಂಡನದು. ಅವಳು ಒತ್ತಲಿಲ್ಲ.

"ಅವನಿಗೂ ಹೇಳ್ಬಿಡೇ," ಎಂದರು ಅತ್ತೆ.

"ಐದಕ್ಕೆ ಟ್ರಿಪ್ ಮುಗಿಯುತ್ತೆ. ಸ್ಟೀರಿಂಗ್ ಹಿಡ್ಕೊಂಡಿರೋರಿಗೆ ಇದೆಲ್ಲಾ ಹೇಳ್ಬಾರ್ದು." ಫೋನನ್ನು ಮಡಿಲಲ್ಲಿ ಕವುಚಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗದೆ, "ಐದು ಗಂಟೆವರೆಗೆ ಹಸಿರೇ ಇರ್ಲಿ ಅವರಿಗೆ," ಎಂದಳು.

ಬೇಡ ಎನ್ನಬೇಕೆಂದು ನನಗೆ ಅನಿಸಲಿಲ್ಲ.

ಆಯಾ ನೆಲ ಒರೆಸಲು ಬಂದಳು. ನಾನೂ ಕಂಡಕ್ಟರೂ ಕಾಲು ಎತ್ತಿ ಹಿಡಿದೆವು. ಅತ್ತೆಗೆ ಎತ್ತಲಾಗಲಿಲ್ಲ, ಸೊಸೆ ಬಗ್ಗಿ ಅವರ ಪಾದಗಳನ್ನು ತನ್ನ ಕಾಲ ಮೇಲೆ ಇಟ್ಟುಕೊಂಡಳು. ಒದ್ದೆ ನೆಲ ಒಣಗುವವರೆಗೆ ಹಾಗೇ ಕೂತಿದ್ದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನು ತಾನಾಗಿ ರಿಂಗಾಯಿತು. ಟ್ರಿಪ್ಪು ಬೇಗ ಮುಗಿದಿರಬೇಕು. ಅವಳು ಎರಡು ಸಲ ರಿಂಗಾಗಲು ಬಿಟ್ಟಳು. ಆಮೇಲೆ ಎತ್ತಿದಳು.

"ಹೇಳಿ," ಎಂದಳು. ಆ ಕಡೆಯಿಂದ ಗದ್ದಲ, ಯಾರದೋ ನಗು, ಗಂಡನ ದೊಡ್ಡ ದನಿ. ಅವಳು ಅದು ಮುಗಿಯುವವರೆಗೆ ಕೇಳಿದಳು. "ಹೂಂ," ಎಂದಳು. "ಹೂಂ. ಇಳಿದ್ರಾ ಗಾಡಿಯಿಂದ? ಊಟ ಆಯ್ತಾ ಮೊದಲು, ಅದನ್ನ ಹೇಳಿ."